ಜ್ವರ ಇಳಿದ ಮೇಲೂ ಸಿಸ್ಟರ್ ಯಾಕೆ ಗಂಟೆಗೊಮ್ಮೆ ಬರುತ್ತಾರೆ?

ಕಳೆದ ಮಳೆಗಾಲದಲ್ಲಿ ನಮ್ಮ ದೊಡ್ಡಮ್ಮ ಡೆಂಗಿ ಬಂದು ಆಸ್ಪತ್ರೆ ಸೇರಿದ್ದರು. ನಾಲ್ಕು ದಿನ ಬಿಡದೆ ಕಾಡಿದ ಜ್ವರ ಐದನೇ ದಿನ ಸಂಜೆ ಇಳಿಯಿತು. ಊರಿಗೆಲ್ಲ ಫೋನ್ ಮಾಡಿ 'ಜ್ವರ ಬಿಟ್ಟಿತು' ಎಂದು ಹೇಳಿದ್ದೂ ಆಯಿತು. ಆದರೆ ಅಲ್ಲಿಯವರೆಗೆ ನಾಲ್ಕು ಗಂಟೆಗೊಮ್ಮೆ ಬರುತ್ತಿದ್ದ ಸಿಸ್ಟರ್ ಆ ರಾತ್ರಿ ಗಂಟೆಗೊಮ್ಮೆ ಬರತೊಡಗಿದರು. ಬಿ.ಪಿ. ಪಟ್ಟಿ ಕಟ್ಟುವುದು, ಪಾದ ಮುಟ್ಟಿ ನೋಡುವುದು, ಉಗುರು ಒತ್ತಿ ಬಿಡುವುದು, ಮೂತ್ರ ಎಷ್ಟು ಹೋಯಿತು ಎಂದು ಅಳೆಯುವುದು.

'ಜ್ವರ ಇಳಿದಿದೆಯಲ್ಲ ಸಿಸ್ಟರ್, ಸ್ವಲ್ಪ ನಿದ್ದೆ ಮಾಡಲಿ ಬಿಡಿ' ಎಂದೆ.

'ಇಳಿದಿದೆ ಅಂತಾನೇ ಬರ್ತಾ ಇರೋದು' ಎಂದರು.

ಆ ಮಾತು ನನಗೆ ಆಗ ಅರ್ಥವಾಗಲಿಲ್ಲ. ಈಗ ಪಿಯುಸಿ ಮುಗಿಸಿದ ಮಕ್ಕಳಿರುವ ಮನೆಗಳಲ್ಲೆಲ್ಲ ನರ್ಸಿಂಗ್ ಸೀಟಿನ ಮಾತು ನಡೆಯುತ್ತಿದೆ. ಪಕ್ಕದ ಮನೆಯವರು ಮೊನ್ನೆ ಕೇಳಿದರು: 'ಇಂಜೆಕ್ಷನ್ ಹಾಕೋದು, ಡ್ರಿಪ್ಸ್ ಏರಿಸೋದು ಆರು ತಿಂಗಳಲ್ಲಿ ಕಲಿಯಬಹುದಲ್ವಾ? ನಾಲ್ಕು ವರ್ಷ ಏನು ಓದುತ್ತಾರೆ?' ಕೇಳಬೇಕಾದ ಪ್ರಶ್ನೆಯೇ. ಇದಕ್ಕೆ ಉತ್ತರ ಆ ಸಿಸ್ಟರ್ ಹೇಳಿದ ಒಂದು ಸಾಲಿನಲ್ಲೇ ಇದೆ.

ಯಾವ ಕೋರ್ಸು, ಎಷ್ಟು ವರ್ಷ

ಮೊದಲು ಹೆಸರುಗಳನ್ನು ಬಿಡಿಸಿಕೊಳ್ಳೋಣ. ಎ.ಎನ್.ಎಂ. ಎರಡು ವರ್ಷದ ಕೋರ್ಸು. ಹಳ್ಳಿಗಳ ಉಪಕೇಂದ್ರದಲ್ಲಿ ಲಸಿಕೆ ಹಾಕುವ, ಗರ್ಭಿಣಿಯರನ್ನು ನೋಡಿಕೊಳ್ಳುವ ಕೆಲಸಕ್ಕೆ ಇದು ತಯಾರು ಮಾಡುತ್ತದೆ. ಜಿ.ಎನ್.ಎಂ. ಮೂರು ವರ್ಷದ ಡಿಪ್ಲೊಮಾ. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ ಪದವಿ, ಎಂಟು ಸೆಮಿಸ್ಟರ್. ಇದಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಜಿ.ಎನ್.ಎಂ. ಮುಗಿಸಿದವರು ಆಮೇಲೆ ಎರಡು ವರ್ಷ ಓದಿ ಪದವಿ ಪಡೆಯಬಹುದು. ಅದಕ್ಕೆ ಪೋಸ್ಟ್ ಬೇಸಿಕ್ ಎನ್ನುತ್ತಾರೆ.

ಕರ್ನಾಟಕದಲ್ಲಿ ಪದವಿ ಕೋರ್ಸುಗಳನ್ನು ನೋಡಿಕೊಳ್ಳುವುದು ಮುಖ್ಯವಾಗಿ 1996ರಲ್ಲಿ ಶುರುವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಪರೀಕ್ಷೆ ಪಾಸಾದರೆ ಮಾತ್ರ ಸಾಲದು, ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಬೇಕು.

ಮೊದಲ ವರ್ಷ ದೇಹದ ರಚನೆ, ದೇಹ ಕೆಲಸ ಮಾಡುವ ರೀತಿ, ಆಹಾರ, ರೋಗಾಣು, ಮನಸ್ಸು, ಸಮಾಜ ಹೀಗೆ ತಳಪಾಯದ ಪಾಠಗಳು. ಆಮೇಲೆ ದೊಡ್ಡವರ ಕಾಯಿಲೆ, ಮಕ್ಕಳ ಕಾಯಿಲೆ, ಹೆರಿಗೆ, ಮಾನಸಿಕ ಆರೋಗ್ಯ, ಸಮುದಾಯ ಆರೋಗ್ಯ. ಪಾಠದ ಜೊತೆಗೇ ವಾರ್ಡಿನಲ್ಲಿ ಕೆಲಸ ಕಲಿಯುವುದು ಇರುತ್ತದೆ. ಅದನ್ನು ಕ್ಲಿನಿಕಲ್ ಪೋಸ್ಟಿಂಗ್ ಎನ್ನುತ್ತಾರೆ.

ಬಟ್ಟೆಯಲ್ಲಿ ಕಟ್ಟಿದ ಮೊಸರು

ಈಗ ದೊಡ್ಡಮ್ಮನ ಹಾಸಿಗೆ ಹತ್ತಿರ ಬರೋಣ. ಓದಿದ್ದು ಹೇಗೆ ಕೆಲಸಕ್ಕೆ ಬರುತ್ತದೆ ಎನ್ನುವುದು ಅಲ್ಲೇ ಕಾಣುತ್ತದೆ.

ನಮ್ಮ ಮನಸ್ಸಿನಲ್ಲಿ ಜ್ವರ ಅಂದರೆ ಕಾಯಿಲೆ, ಜ್ವರ ಇಳಿದರೆ ವಾಸಿ. ಡೆಂಗಿ ಹಾಗಲ್ಲ. ಹೆಚ್ಚಿನವರಿಗೆ ಜ್ವರ ಇಳಿದ ಮೇಲೆ ಸುಮ್ನೆ ಗುಣವಾಗುತ್ತದೆ ನಿಜ. ಆದರೆ ಕೆಲವರಿಗೆ ಜ್ವರ ಇಳಿಯುವ ಹೊತ್ತಿಗೇ, ಅಂದರೆ ಸುಮಾರು ಮೂರರಿಂದ ಏಳನೇ ದಿನದ ನಡುವೆ, ಅಪಾಯದ ಘಟ್ಟ ಶುರುವಾಗುತ್ತದೆ. ಅದು 24ರಿಂದ 48 ಗಂಟೆ ಇರುತ್ತದೆ.

ಆಗ ಒಳಗೆ ಆಗುವುದೇನು? ರಕ್ತದಲ್ಲಿ ಕಣಗಳಿವೆ, ಅವು ತೇಲುವ ನೀರಿನಂಥ ಪ್ಲಾಸ್ಮಾ ಇದೆ. ಈ ಘಟ್ಟದಲ್ಲಿ ಸಣ್ಣ ಸಣ್ಣ ರಕ್ತನಾಳಗಳ ಗೋಡೆ ಸಡಿಲವಾಗಿ ಪ್ಲಾಸ್ಮಾ ಹೊರಗೆ ಜಿನುಗುತ್ತದೆ. ಶ್ರೀಖಂಡಕ್ಕೆ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೇತು ಹಾಕುವುದನ್ನು ನೆನಪಿಸಿಕೊಳ್ಳಿ. ನೀರು ತೊಟ್ಟಿಕ್ಕುತ್ತದೆ, ಒಳಗೆ ಗಟ್ಟಿ ಮೊಸರು ಉಳಿಯುತ್ತದೆ. ರಕ್ತವೂ ಹಾಗೇ ಗಟ್ಟಿಯಾಗುತ್ತದೆ. ರಕ್ತ ಪರೀಕ್ಷೆಯ ವರದಿಯಲ್ಲಿ ಪಿ.ಸಿ.ವಿ. ಅಂತ ಒಂದು ಸಂಖ್ಯೆ ಇರುತ್ತದಲ್ಲ, ಅದು ಏರಿದರೆ ರಕ್ತ ಗಟ್ಟಿಯಾಗುತ್ತಿದೆ ಎಂದು ಅರ್ಥ. ಡೆಂಗಿ ಬಂದರೆ ನಾವೆಲ್ಲ 'ಪ್ಲೇಟ್‌ಲೆಟ್ ಎಷ್ಟು?' ಎಂದಷ್ಟೇ ಕೇಳುತ್ತೇವೆ. ಆ ಸಂಖ್ಯೆಯ ಜೊತೆಗೆ ಪಿ.ಸಿ.ವಿ. ಏರುತ್ತಿದೆಯಾ ಎನ್ನುವುದೂ ಅಷ್ಟೇ ಮುಖ್ಯ.

ರಕ್ತನಾಳದಲ್ಲಿ ನೀರು ಕಡಿಮೆಯಾದಾಗ ದೇಹ ಒಂದು ಉಪಾಯ ಮಾಡುತ್ತದೆ. ಗಿಡಕ್ಕೆ ನೀರು ಬಿಡುವಾಗ ಪೈಪಿನ ಬಾಯಿ ಒತ್ತಿ ಹಿಡಿದರೆ ಕಡಿಮೆ ನೀರೂ ರಭಸವಾಗಿ ಬರುತ್ತದೆ ಅಲ್ವಾ? ದೇಹವೂ ಕೈಕಾಲಿನ ರಕ್ತನಾಳಗಳನ್ನು ಬಿಗಿ ಹಿಡಿದು ಒತ್ತಡ ಉಳಿಸಿಕೊಳ್ಳುತ್ತದೆ. ಅದಕ್ಕೇ ಪಾದ ತಣ್ಣಗಾಗುತ್ತದೆ. ಉಗುರು ಒತ್ತಿ ಬಿಟ್ಟರೆ ಮತ್ತೆ ಕೆಂಪಾಗಲು ಎರಡು ಸೆಕೆಂಡಿಗಿಂತ ಜಾಸ್ತಿ ಹಿಡಿಯುತ್ತದೆ. ಮೂತ್ರ ಕಡಿಮೆಯಾಗುತ್ತದೆ. 60 ಕಿಲೋ ತೂಕದವರಿಗೆ ಗಂಟೆಗೆ 30 ಎಂ.ಎಲ್. ಆದರೂ ಬರಬೇಕು.

ಇನ್ನು ಬಿ.ಪಿ. ಇಲ್ಲೇ ಅನನುಭವಿ ಕಣ್ಣು ಮೋಸ ಹೋಗುವುದು. ಬೆಳಿಗ್ಗೆ 110–70 ಇದ್ದ ಬಿ.ಪಿ. ರಾತ್ರಿ 100–80 ಆಯಿತು ಎಂದುಕೊಳ್ಳಿ. ಮೇಲಿನ ಸಂಖ್ಯೆ ನೂರು ಇದೆ, ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಎರಡು ಸಂಖ್ಯೆಗಳ ಅಂತರ ನೋಡಿ. ಬೆಳಿಗ್ಗೆ 40 ಇತ್ತು, ಈಗ 20. ಆ ಅಂತರ ಕಿರಿದಾಗುವುದು ದೇಹ ನಾಳಗಳನ್ನು ಬಿಗಿ ಹಿಡಿದಿದೆ ಎನ್ನುವುದರ ಗುರುತು. 20 ಅಥವಾ ಅದಕ್ಕಿಂತ ಕಡಿಮೆಯಾದರೆ ತಡ ಮಾಡುವಂತಿಲ್ಲ. ರೋಗಿ ಎಚ್ಚರವಾಗಿರುತ್ತಾರೆ, ಮಾತಾಡುತ್ತಿರುತ್ತಾರೆ, ಜ್ವರವೂ ಇರುವುದಿಲ್ಲ. ಗೊತ್ತಿಲ್ಲದವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಬಿ.ಪಿ. ಯಂತ್ರದ ಗುಂಡಿ ಒತ್ತುವುದನ್ನು ಒಂದು ದಿನದಲ್ಲಿ ಕಲಿಯಬಹುದು. ಆ ಸಂಖ್ಯೆ ನೋಡಿ ಒಳಗೆ ಏನು ನಡೆಯುತ್ತಿದೆ ಎಂದು ಊಹಿಸುವುದಕ್ಕೆ ಮೊದಲ ವರ್ಷದ ದೇಹದ ಪಾಠ, ಆಮೇಲಿನ ಕಾಯಿಲೆಯ ಪಾಠ, ವಾರ್ಡಿನಲ್ಲಿ ನೋಡಿದ ರೋಗಿಗಳು ಎಲ್ಲವೂ ಒಂದೇ ಕ್ಷಣದಲ್ಲಿ ನೆನಪಿಗೆ ಬರಬೇಕು.

ಐದು ಹೆಜ್ಜೆ

ಇದನ್ನು ಅದೃಷ್ಟಕ್ಕೆ ಬಿಡದೆ ಕಲಿಸಲು ನರ್ಸಿಂಗ್‌ನಲ್ಲಿ ಒಂದು ಕ್ರಮವಿದೆ. ಮೊದಲು ರೋಗಿಯನ್ನು ನೋಡಿ, ಕೇಳಿ, ಮುಟ್ಟಿ, ಅಳೆದು ಮಾಹಿತಿ ಸೇರಿಸುವುದು. ಎರಡನೆಯದು ತೊಂದರೆ ಏನೆಂದು ಗುರುತಿಸುವುದು. ಮೂರು, ಏನು ಮಾಡಬೇಕು ಎಂದು ಯೋಚಿಸುವುದು. ನಾಲ್ಕು, ಮಾಡುವುದು. ಐದು, ಮಾಡಿದ್ದರಿಂದ ಉಪಯೋಗವಾಯಿತಾ ಎಂದು ಮತ್ತೆ ನೋಡುವುದು. ಆಗಲಿಲ್ಲವೆಂದರೆ ಮತ್ತೆ ಮೊದಲಿನಿಂದ.

ಎರಡನೇ ಹೆಜ್ಜೆ ಸ್ವಲ್ಪ ಬಿಡಿಸಿ ಹೇಳಬೇಕು. ಕಾಯಿಲೆ ಯಾವುದೆಂದು ಹೇಳುವುದು ಡಾಕ್ಟರ ಕೆಲಸ ತಾನೇ? ಹೌದು. ಡಾಕ್ಟರು 'ಡೆಂಗಿ' ಎನ್ನುತ್ತಾರೆ. ಆ ಕಾಯಿಲೆ ಈ ಒಬ್ಬ ಮನುಷ್ಯರಿಗೆ ಏನು ಮಾಡುತ್ತಿದೆ ಎನ್ನುವುದನ್ನು ನರ್ಸ್ ಗುರುತಿಸುತ್ತಾರೆ. ದೇಹದಲ್ಲಿ ನೀರು ಕಡಿಮೆಯಾಗುವ ಅಪಾಯವಿದೆ. ಎದ್ದರೆ ತಲೆ ಸುತ್ತುತ್ತದೆ, ಬಾತ್‌ರೂಮಿನಲ್ಲಿ ಬೀಳಬಹುದು. ಊಟ ಸೇರುತ್ತಿಲ್ಲ. ಮನೆಯವರು ಗಾಬರಿಯಾಗಿದ್ದಾರೆ. ಒಂದೇ ಕಾಯಿಲೆಯ ಇಬ್ಬರಿಗೆ ಈ ಪಟ್ಟಿ ಬೇರೆ ಬೇರೆ ಆಗುತ್ತದೆ. ವಿದ್ಯಾರ್ಥಿಗಳು ರಾತ್ರಿ ಕೂತು ಪುಟಗಟ್ಟಲೆ ಬರೆಯುವ 'ಕೇರ್ ಪ್ಲಾನ್' ಇದೇ. ಅದು ಎಷ್ಟೋ ಮಕ್ಕಳಿಗೆ ಬೇಸರದ ಕೆಲಸ. ಆದರೆ ಯೋಚಿಸುವ ಅಭ್ಯಾಸ ಕೈಗೆ ಹತ್ತುವುದು ಆ ಬರವಣಿಗೆಯಲ್ಲೇ ಎಂದು ನನಗನ್ನಿಸುತ್ತದೆ.

ಚಿಲ್ಲರೆ ಸೇರಿ ದೊಡ್ಡ ಮೊತ್ತ

ಎಲ್ಲ ಅಪಾಯವೂ ಒಂದೇ ಸಂಖ್ಯೆಯಲ್ಲಿ ಕಾಣಿಸುವುದಿಲ್ಲ. ಆಪರೇಷನ್ ಆಗಿ ಎರಡು ದಿನವಾದ ಒಬ್ಬರನ್ನು ಊಹಿಸಿಕೊಳ್ಳಿ. ಉಸಿರು ನಿಮಿಷಕ್ಕೆ 22. ಆಕ್ಸಿಜನ್ 94. ನಾಡಿ 112. ಬಿ.ಪಿ.ಯ ಮೇಲಿನ ಸಂಖ್ಯೆ 108. ಜ್ವರ 38.2 ಡಿಗ್ರಿ ಸೆಲ್ಸಿಯಸ್, ನಮ್ಮ ಮನೆಯ ಲೆಕ್ಕದಲ್ಲಿ ಸುಮಾರು 100.8. ಒಂದೊಂದಾಗಿ ನೋಡಿದರೆ ಯಾವುದೂ ಹೆದರಿಸುವುದಿಲ್ಲ.

ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ಇದಕ್ಕೊಂದು ಅಂಕಪಟ್ಟಿ ತಂದಿತು. ಮಾಮೂಲಿನಿಂದ ಎಷ್ಟು ದೂರವೋ ಅಷ್ಟು ಅಂಕ. ನಮ್ಮ ರೋಗಿಯ ಉಸಿರಿಗೆ 2, ಆಕ್ಸಿಜನ್‌ಗೆ 1, ನಾಡಿಗೆ 2, ಬಿ.ಪಿ.ಗೆ 1, ಜ್ವರಕ್ಕೆ 1. ಒಟ್ಟು 7. ಆ ಪಟ್ಟಿಯ ಪ್ರಕಾರ 7 ಬಂದರೆ ತುರ್ತು ಪರಿಸ್ಥಿತಿ. ಕಿರಾಣಿ ಅಂಗಡಿಯ ಸಾಲದ ಪುಸ್ತಕದಲ್ಲಿ ಹತ್ತು, ಇಪ್ಪತ್ತು ಅಂತ ಬರೆಸುತ್ತಾ ಹೋಗಿ ತಿಂಗಳ ಕೊನೆಗೆ ಮೊತ್ತ ನೋಡಿದಾಗ ಎದೆ ಧಸಕ್ಕೆನ್ನುವ ಹಾಗೆ.

ಇದರಲ್ಲಿ ಉಸಿರಿನ ಲೆಕ್ಕಕ್ಕೆ ವಿಶೇಷ ಬೆಲೆಯಿದೆ. ದೇಹ ಕಷ್ಟಕ್ಕೆ ಸಿಕ್ಕಾಗ ಬಹಳ ಸಲ ಮೊದಲು ಬದಲಾಗುವುದು ಉಸಿರೇ. ಅವಸರದಲ್ಲಿ ಜಾಸ್ತಿ ತಪ್ಪಿಹೋಗುವುದೂ ಅದೇ. ಸರಿಯಾಗಿ ಎಣಿಸುವವರು ಕೈ ಹಿಡಿದು ನಾಡಿ ನೋಡುವಂತೆ ನಿಂತು, ಹೇಳದೆ, ಒಂದು ನಿಮಿಷ ಎದೆ ಏರಿಳಿಯುವುದನ್ನು ನೋಡುತ್ತಾರೆ. 'ನಿಮ್ಮ ಉಸಿರು ಎಣಿಸುತ್ತೇನೆ' ಎಂದು ಹೇಳಿದರೆ ಯಾರೇ ಆಗಲಿ ಉಸಿರಾಡುವ ರೀತಿ ಬದಲಾಗಿಬಿಡುತ್ತದೆ.

ಲೆಕ್ಕ ತಪ್ಪಬಾರದ ಜಾಗ

ಡ್ರಿಪ್ಸ್ ಬಾಟಲಿಯ ಕೆಳಗೆ ಹನಿ ಬೀಳುವುದನ್ನು ಸಿಸ್ಟರ್ ಗಡಿಯಾರ ಹಿಡಿದು ನೋಡುತ್ತಾರಲ್ಲ, ಅದರ ಹಿಂದೆ ಗುಣಾಕಾರ ಭಾಗಾಕಾರವಿದೆ. 500 ಎಂ.ಎಲ್. ನಾಲ್ಕು ಗಂಟೆಯಲ್ಲಿ ಹೋಗಬೇಕು. ಆ ಕೊಳವೆಯಲ್ಲಿ 20 ಹನಿ ಸೇರಿದರೆ ಒಂದು ಎಂ.ಎಲ್. ಅಲ್ಲಿಗೆ 10,000 ಹನಿ, 240 ನಿಮಿಷ. ನಿಮಿಷಕ್ಕೆ ಸುಮಾರು 42 ಹನಿ. ಹತ್ತು ಸೆಕೆಂಡಿಗೆ ಏಳು.

ಡೆಂಗಿಯಲ್ಲಿ ಈ ಹನಿಗೆ ಇನ್ನೂ ಒಂದು ಅರ್ಥವಿದೆ. ಅಪಾಯದ ಘಟ್ಟ ದಾಟಿದ ಮೇಲೆ ಹೊರಗೆ ಸೋರಿದ್ದ ನೀರು ತಾನಾಗಿ ರಕ್ತನಾಳಕ್ಕೆ ವಾಪಸ್ ಬರುತ್ತದೆ. ಆಗಲೂ ಡ್ರಿಪ್ಸ್ ಅದೇ ವೇಗದಲ್ಲಿ ಹೋಗುತ್ತಿದ್ದರೆ ನೀರು ಜಾಸ್ತಿಯಾಗಿ ಶ್ವಾಸಕೋಶಕ್ಕೆ ತುಂಬಿಕೊಳ್ಳಬಹುದು. ಎರಡು ದಿನ ಬಿಟ್ಟು ದೊಡ್ಡಮ್ಮನ ಡ್ರಿಪ್ಸ್ ತೆಗೆದಾಗ 'ಸುಸ್ತಾಗಿದ್ದಾರೆ, ಇನ್ನೊಂದು ಬಾಟಲಿ ಗ್ಲುಕೋಸ್ ಹಾಕಿ' ಎಂದು ನಾವು ಒತ್ತಾಯ ಮಾಡಿದ್ದೆವು. ಹಾಕದೆ ಇದ್ದದ್ದು ಚಿಕಿತ್ಸೆಯ ಭಾಗವೇ ಆಗಿತ್ತು.

ಇನ್ಸುಲಿನ್ ಇನ್ನೊಂದು ಉದಾಹರಣೆ. ಬಾಟಲಿಯ ಮೇಲೆ 40 ಅಥವಾ 100 ಎಂದು ಬರೆದಿರುತ್ತದೆ. ಒಂದು ಎಂ.ಎಲ್.ನಲ್ಲಿ ಎಷ್ಟು ಯೂನಿಟ್ ಎನ್ನುವ ಲೆಕ್ಕ ಅದು. ಸಿರಿಂಜೂ ಎರಡು ಬಗೆ. ನಮ್ಮಲ್ಲಿ 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಬಣ್ಣದ್ದು. 100ರ ಬಾಟಲಿಯಿಂದ 40ರ ಸಿರಿಂಜಿನಲ್ಲಿ 10ರ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು 10 ಯೂನಿಟ್ ಅಲ್ಲ, 25. ಸಕ್ಕರೆ ಒಮ್ಮೆಲೇ ಕುಸಿಯಬಹುದು. ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಇವತ್ತೇ ಬಾಟಲಿ, ಸಿರಿಂಜ್ ಎರಡನ್ನೂ ಒಮ್ಮೆ ನೋಡಿ.

ಔಷಧಿ ಕೊಡುವ ಮುಂಚೆ ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ದಾರಿ, ಸರಿಯಾದ ಸಮಯ ಎಂದು ಐದನ್ನು ನೋಡಿಕೊಳ್ಳಬೇಕೆಂದು ಮೊದಲ ವರ್ಷದಲ್ಲೇ ಕಲಿಸುತ್ತಾರೆ. ದಾರಿ ಅಂದರೆ ಬಾಯಿಂದಲೋ, ರಕ್ತನಾಳಕ್ಕೋ, ಚರ್ಮದ ಕೆಳಗೋ ಎಂದು. ಅದಕ್ಕೇ ಸಿಸ್ಟರ್ ಪ್ರತಿ ಸಲ 'ನಿಮ್ಮ ಹೆಸರೇನು?' ಎಂದು ಕೇಳುವುದು. ಮೂರು ದಿನದಿಂದ ನೋಡುತ್ತಿದ್ದರೂ ಕೇಳುತ್ತಾರೆ, ಕೇಳಬೇಕು. 'ನೀವು ಲಕ್ಷ್ಮಮ್ಮನಾ?' ಎಂದು ಕೇಳಿದರೆ ಮಂಪರಿನಲ್ಲಿರುವ ಯಾರಾದರೂ 'ಹೂಂ' ಎಂದುಬಿಡುತ್ತಾರೆ.

ಗೊಂಬೆಯಿಂದ ವಾರ್ಡಿಗೆ

ಒಬ್ಬಟ್ಟಿನ ಹೂರಣಕ್ಕೆ ಬೇಳೆ ಎಷ್ಟು, ಬೆಲ್ಲ ಎಷ್ಟು ಎಂದು ಯಾರು ಬೇಕಾದರೂ ಬರೆದು ಕೊಡಬಹುದು. ಹದ ಬರೆದು ಕೊಡಲು ಆಗುವುದಿಲ್ಲ. ಅದನ್ನು ಅಜ್ಜಿಯ ಪಕ್ಕ ನಿಂತು, ನಾಲ್ಕು ಸಲ ಕೆಡಿಸಿ ಕಲಿಯಬೇಕು. ರೋಗಿಯ ಮೇಲೆ ಕೆಡಿಸಿ ಕಲಿಯುವ ಹಾಗಿಲ್ಲ. ಅದಕ್ಕೇ ಕಾಲೇಜುಗಳಲ್ಲಿ ಮನುಷ್ಯಾಕಾರದ ಗೊಂಬೆಗಳಿರುವ ಲ್ಯಾಬ್ ಇರುತ್ತದೆ. ಕೆಲವು ಗೊಂಬೆಗಳು ಉಸಿರಾಡುತ್ತವೆ, ಅವುಗಳ ನಾಡಿ ಬಡಿಯುತ್ತದೆ. ತಪ್ಪು ಮಾಡಿದರೆ ನಿಲ್ಲಿಸಿ, ಯಾಕೆ ತಪ್ಪಾಯಿತು ಎಂದು ಕೂತು ಮಾತಾಡುತ್ತಾರೆ. ಕಲಿಕೆ ಹೆಚ್ಚಾಗಿ ಆಗುವುದು ಆ ಮಾತಿನಲ್ಲಿ.

ಪರೀಕ್ಷೆಯ ಕ್ರಮವೂ ಬದಲಾಗಿದೆ. 1975ರಲ್ಲಿ ಸ್ಕಾಟ್ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡನ್ ಎಂಬ ಪ್ರಾಧ್ಯಾಪಕರು ವೈದ್ಯ ವಿದ್ಯಾರ್ಥಿಗಳಿಗಾಗಿ ಓಸ್ಕಿ ಎಂಬ ಪದ್ಧತಿ ತಂದರು. ಹಲವು ಮೇಜು ಅಥವಾ ಕೋಣೆಗಳು, ಒಂದೊಂದರಲ್ಲೂ ಒಂದು ಕೆಲಸ, ಗಂಟೆ ಬಾರಿಸಿದ ಕೂಡಲೇ ಮುಂದಿನದಕ್ಕೆ ಹೋಗಬೇಕು. ನರ್ಸಿಂಗ್‌ಗೂ ಅದು ಬಂತು. ಇಲ್ಲಿ ಓದಿ ಬ್ರಿಟನ್ನಿಗೆ ಹೋಗುವ ನಮ್ಮ ನರ್ಸ್‌ಗಳು ಅಲ್ಲಿ ಇದನ್ನು ಪಾಸಾಗಬೇಕು. ಅಮೆರಿಕಕ್ಕೆ ಹೋಗುವವರು ಬರೆಯುವ ಎನ್‌ಕ್ಲೆಕ್ಸ್ ಪರೀಕ್ಷೆ 2023ರ ಏಪ್ರಿಲ್‌ನಿಂದ ಬದಲಾಗಿದೆ. ಒಬ್ಬ ರೋಗಿಯ ಕಥೆಯನ್ನು ಹಂತ ಹಂತವಾಗಿ ಕೊಟ್ಟು, ಯಾವ ಸುಳಿವು ಮುಖ್ಯ, ಮೊದಲು ಏನು ಮಾಡುತ್ತೀರಿ ಎಂದು ಕೇಳುತ್ತಾರೆ. ಬಾಯಿಪಾಠ ಅಲ್ಲಿ ಕೈಹಿಡಿಯುವುದಿಲ್ಲ.

ಆದರೂ ವಾರ್ಡಿಗೆ ಸಾಟಿಯಿಲ್ಲ. ಮಗಳಿಗೋ ಮಗನಿಗೋ ಕಾಲೇಜು ಹುಡುಕುತ್ತಿದ್ದರೆ ಕಟ್ಟಡಕ್ಕಿಂತ ಮೊದಲು ಆಸ್ಪತ್ರೆಯನ್ನು ನೋಡಿ. ಕಾಲೇಜಿಗೆ ತನ್ನದೇ ಆಸ್ಪತ್ರೆ ಇದೆಯಾ? ನಿಜವಾಗಿ ರೋಗಿಗಳು ಬರುತ್ತಾರಾ? ಪೋಸ್ಟಿಂಗ್‌ಗೆ ಎಲ್ಲಿ ಕಳಿಸುತ್ತಾರೆ, ಜೊತೆಗೆ ಕಲಿಸುವವರು ಬರುತ್ತಾರಾ? ಅಲ್ಲಿ ಓದುತ್ತಿರುವ ಮಕ್ಕಳನ್ನೇ ಕೇಳಿ. ಖಾಲಿ ಹಾಸಿಗೆಗಳ ನಡುವೆ ಹದ ಕಲಿಯಲಾಗುವುದಿಲ್ಲ.

'ಜೀವ ಒಂಥರಾ ಆಗ್ತಿದೆ'

ಪುಸ್ತಕಗಳು ಇಂಗ್ಲಿಷಿನಲ್ಲಿವೆ, ರೋಗಿ ಮಾತಾಡುವುದು ಕನ್ನಡದಲ್ಲಿ. ಯಾರೂ ಪುಸ್ತಕದ ಲಕ್ಷಣಗಳನ್ನು ಹೇಳುವುದಿಲ್ಲ. 'ಸಂಕಟ ಆಗ್ತಿದೆ', 'ಕಣ್ಣು ಕತ್ತಲೆ ಬಂತು', 'ಎದೆ ಹಿಂಡಿದ ಹಾಗಾಗುತ್ತೆ', 'ಗ್ಯಾಸ್ ಇರಬೇಕು' ಎನ್ನುತ್ತಾರೆ. ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ, ಹೆಂಗಸರಲ್ಲಿ ಹೃದಯಾಘಾತ ಕೆಲವೊಮ್ಮೆ ಜೋರು ಎದೆನೋವಿಲ್ಲದೆ ಬರುತ್ತದೆ. ಬರೀ ಸಂಕಟ, ಬೆವರು, ಸುಸ್ತು. ಆ 'ಗ್ಯಾಸ್' ಎಂಬ ಮಾತನ್ನು ಕೇಳಿ ಇ.ಸಿ.ಜಿ. ಬೇಕು ಎಂದು ಹೊಳೆಯುವುದೂ ವಿದ್ಯೆಯೇ. ನಮ್ಮ ರಾಜ್ಯದಲ್ಲಿ ಓದುವ ಎಷ್ಟೋ ನರ್ಸಿಂಗ್ ವಿದ್ಯಾರ್ಥಿಗಳು ಕೇರಳದಿಂದ, ಈಶಾನ್ಯ ರಾಜ್ಯಗಳಿಂದ ಬಂದವರು. ಅವರು ರೋಗಿಗಳಿಂದಲೇ ಒಂದೊಂದು ಕನ್ನಡ ಮಾತು ಕಲಿತುಕೊಳ್ಳುತ್ತಾರೆ. ನಿಧಾನವಾಗಿ, ಬಿಡಿಸಿ ಹೇಳಿದರೆ ಅವರಿಗೂ ಅನುಕೂಲ, ನಮಗೂ.

ರಾತ್ರಿ ಎರಡು ಗಂಟೆಯ ಫೋನು

ಅಪಾಯ ಗುರುತಿಸಿದರೆ ಮುಗಿಯಲಿಲ್ಲ, ಅದನ್ನು ಡ್ಯೂಟಿ ಡಾಕ್ಟರಿಗೆ ತಲುಪಿಸಬೇಕು. 'ಪೇಷೆಂಟ್ ಯಾಕೋ ಸರಿ ಇಲ್ಲ ಡಾಕ್ಟರ್' ಎಂದರೆ ನಿದ್ದೆಗಣ್ಣಿನಲ್ಲಿರುವವರಿಗೆ ಏನೂ ತಿಳಿಯುವುದಿಲ್ಲ. ಇದಕ್ಕೂ ಒಂದು ಕ್ರಮ ಕಲಿಸುತ್ತಾರೆ. ಈಗ ಏನಾಗುತ್ತಿದೆ, ಹಿನ್ನೆಲೆ ಏನು, ನನಗೆ ಏನನ್ನಿಸುತ್ತಿದೆ, ನಿಮ್ಮಿಂದ ಏನು ಬೇಕು ಎಂಬ ನಾಲ್ಕು ಮಾತು. ಅಮೆರಿಕದ ನೌಕಾಪಡೆಯ ಅಣು ಸಬ್‌ಮರೀನ್‌ಗಳಲ್ಲಿ ಸುದ್ದಿ ಮುಟ್ಟಿಸಲು ಬಳಸುತ್ತಿದ್ದ ರೀತಿ ಇದು. ಆಮೇಲೆ ಆಸ್ಪತ್ರೆಗಳಿಗೆ ಬಂತು.

ಆ ರಾತ್ರಿ ಸುಮಾರು ಎರಡು ಗಂಟೆಗೆ ಸಿಸ್ಟರ್ ಮಾಡಿದ ಫೋನು ನನಗೆ ಕೇಳಿಸಿತ್ತು. 'ಡಾಕ್ಟರ್, ಹನ್ನೆರಡನೇ ಬೆಡ್‌ನವರ ಬಿ.ಪಿ. 100–80, ಅಂತರ 20 ಇದೆ. ಡೆಂಗಿ ಐದನೇ ದಿನ, ಸಂಜೆ ಜ್ವರ ಇಳಿದಿದೆ. ಪಾದ ತಣ್ಣಗಿದೆ, ಎರಡು ಗಂಟೆಯಲ್ಲಿ 30 ಎಂ.ಎಲ್. ಯೂರಿನ್ ಅಷ್ಟೇ. ಲೀಕ್ ಆಗ್ತಿದೆ ಅನ್ನಿಸುತ್ತೆ. ನೀವು ಈಗಲೇ ಬಂದು ನೋಡಬೇಕು. ಪಿ.ಸಿ.ವಿ.ಗೆ ಬ್ಲಡ್ ಕಳಿಸಲಾ?' ಅರ್ಧ ನಿಮಿಷವೂ ಆಗಲಿಲ್ಲ. ಡಾಕ್ಟರು ಬಂದರು, ಡ್ರಿಪ್ಸ್‌ನ ವೇಗ ಬದಲಾಯಿತು, ಹದಿನೈದು ನಿಮಿಷಕ್ಕೊಮ್ಮೆ ಬಿ.ಪಿ. ನೋಡಿದರು. ಬೆಳಗಿನ ಜಾವದ ಹೊತ್ತಿಗೆ ದೊಡ್ಡಮ್ಮನ ಪಾದ ಬೆಚ್ಚಗಾಗಿತ್ತು.

ಬೆಳಿಗ್ಗೆ ಡ್ಯೂಟಿ ಬದಲಾಗುವಾಗ ಪೋಸ್ಟಿಂಗ್‌ಗೆ ಬಂದ ಹುಡುಗಿಯೊಬ್ಬಳು ಹಾಸಿಗೆಯ ಬಳಿ ನಿಂತಿದ್ದಳು. ಸಿಸ್ಟರ್ ಮನೆಗೆ ಹೊರಡುವ ಮುಂಚೆ ಚಾರ್ಟನ್ನು ಅವಳ ಕೈಗೆ ಕೊಟ್ಟು, 'ಇದರಲ್ಲಿ ನಿನಗೆ ಎಲ್ಲಿ ಅನುಮಾನ ಬರಬೇಕಿತ್ತು, ತೋರಿಸು' ಎಂದರು. ಹುಡುಗಿಯ ಬೆರಳು ಮೊದಲು ಜ್ವರದ ಸಾಲಿಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬೆರಳು ಬಿ.ಪಿ.ಯ ಸಾಲಿಗೆ ಇಳಿಯಿತು. ತುಟಿಯಲ್ಲೇ ಕಳೆಯುವ ಲೆಕ್ಕ ಮಾಡುತ್ತಾ ಒಂದೊಂದೇ ಮನೆ ದಾಟಿ, ಎರಡು ಗಂಟೆಯ ಮನೆಯ ಮೇಲೆ ನಿಂತಿತು.